ನೈದಿಲೆ ಬಿಟ್ಟ ಸಾಲು

ತೋಟದ ಮನೆ, ಯಡೂರು
ತಾ. ಚಿಕ್ಕೋಡಿ
೨೨ ಜನವರಿ ೧೯೯೬

ಚಿರಂಜೀವಿ ತಾರಾಳಿಗೆ,

ನಿನ್ನ ಅವ್ವನ ಆಶೀರ್ವಾದ. ಇತ್ತ ನಾವೆಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಾವೆಲ್ಲರೂ ಅಂದರೆ ನಾನು ಮತ್ತು ಎರಡು ಎಮ್ಮೆ. ಎಮ್ಮೆಗಳು ಕ್ಷೇಮವಾಗಿವೆ.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಜೊತೆಗೆ ಕಳಿಸಿದ ಪಟ್ಟಿಯನ್ನೂ ಓದಿದೆ. ನೀರು ನಿಂತು ಜವಳಾದ ನಮ್ಮ ಮೂರು ಎಕರೆಯಲ್ಲಿ ನಲವತ್ತೊಂದು ಜಾತಿಯ ಹಕ್ಕಿ, ಇಪ್ಪತ್ತಾರು ಬಗೆಯ ಹೂಗಿಡ, ಎರಡು ಬಗೆಯ ಆಮೆ, ಒಂದು ನೀರುನಾಯಿ. ಕೃಷ್ಣೆಯ ದಂಡೆಯಲ್ಲಿ ಇಂಥ ಜಾಗ ಇನ್ನೊಂದು ಸಿಗಲಿಕ್ಕಿಲ್ಲ, ಹೀಗೇ ಕಾಪಾಡಿಕೊಳ್ಳಿ ಎಂದು ನಿಮ್ಮ ಕಾಲೇಜಿನ ಸರ್ ಅಂದರಂತೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ಕಾಪಾಡಲು ನಾನೇನೂ ಮಾಡಬೇಕಾಗಿಲ್ಲ ಎಂದೂ ಹೇಳು. ಸತ್ತ ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ.

ಪಟ್ಟಿ ಚೆನ್ನಾಗಿದೆ, ಅಕ್ಷರ ದುಂಡಗಿವೆ. ಆದರೆ ಮೊದಲು ಅಲ್ಲಿ ಏನಿತ್ತು ಎಂಬುದಕ್ಕೆ ನೀನು ಜಾಗ ಬಿಟ್ಟಿಲ್ಲ. ಕೆಂಪು ಹಣೆಯ ಆ ನೀಲಿ ನೀರುಕೋಳಿ ಗೂಡು ಕಟ್ಟಿದೆಯಲ್ಲ, ಅಲ್ಲಿ ನಾನು ಗೋವಿನಜೋಳ ಬಿತ್ತುತ್ತಿದ್ದೆ. ಗೀಜಗದ ಗೂಡು ತೂಗಾಡುವ ಆಪುಹುಲ್ಲಿನ ಮೆಳೆಯಲ್ಲಿ ಅರಿಷಿಣವಿತ್ತು. ಗಂಟುಗಂಟಿಗೆ ಮುಳ್ಳು, ಮುಳ್ಳಿನ ನಡುವೆ ನೇರಳೆ ಹೂ ಎಂದು ಕೊಳವಳಿಕೆಯ ಬಗ್ಗೆ ಅರ್ಧ ಪುಟ ಬರೆದಿದ್ದೀಯ. ಆ ಗಿಡ ನಿಂತಲ್ಲಿ ನಿನ್ನ ಅಜ್ಜ ಬುತ್ತಿ ಬಿಚ್ಚಿ ಕೂರುತ್ತಿದ್ದ ಕಟ್ಟೆ ಇತ್ತು. ಚಳಿಗಾಲಕ್ಕೆ ಎಲ್ಲಿಂದಲೋ ಬರುವ ಬಾತುಗಳು ಇಳಿಯುವ ಬಯಲಿನಲ್ಲಿ ಆನೆ ಹೊಕ್ಕರೂ ಕಾಣದಷ್ಟು ಕಬ್ಬು. ಡಿಸೆಂಬರಿನಲ್ಲಿ ನಿಮ್ಮ ಸರ್ ಬಂದು ದುರ್ಬೀನು ಹಿಡಿದು ಆಹಾ ಎಂದಾಗ ನಾನು ಚಹಾ ಕೊಟ್ಟು ಒಳಗೆ ಹೋದೆ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ನೀನು ಕೇಳಲಿಲ್ಲ.

ಈಗ ನಿನ್ನ ಪತ್ರದ ಎರಡನೆಯ ಪುಟಕ್ಕೆ ಬರುತ್ತೇನೆ. ಅಣ್ಣಾಸಾಬನ ವಿಷಯ.

ನನ್ನ ಅಣ್ಣ ಧರೆಪ್ಪ, ಒಂಬತ್ತು ವರ್ಷದಿಂದ ನನ್ನ ಜೊತೆ ಮಾತಿಲ್ಲದವನು, ತನ್ನ ಮಗನಿಗೆ ನಿನ್ನನ್ನು ಕೇಳಿ ನೇರ ನಿನಗೇ ಪತ್ರ ಬರೆದಿದ್ದಾನೆ. ನನಗೆ ಬರೆದಿದ್ದರೆ ಒಲೆಗೆ ಹಾಕುತ್ತಿದ್ದೆ ಎಂದು ಅವನಿಗೆ ಗೊತ್ತು. ಅಣ್ಣಾಸಾಬ ಟ್ರ್ಯಾಕ್ಟರ್ ಸಾಮಾನಿಗೆಂದು ಬೆಳಗಾವಿಗೆ ಬಂದಾಗಲೆಲ್ಲ ನಿನ್ನ ಹಾಸ್ಟೆಲಿನ ಗೇಟಿನ ಹತ್ತಿರ ನಿಲ್ಲುತ್ತಾನೆ, ಎರಡು ವರ್ಷವಾಯಿತು ಎಂದು ಈಗ ಬರೆದಿದ್ದೀಯ. ಒಂದು ಟ್ರ್ಯಾಕ್ಟರಿಗೆ ಇಷ್ಟು ಸಾಮಾನು ಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವನ ಮೇಲೆ ಮನಸ್ಸಿದೆ ಎಂದು ನೀನು ಬಾಯಿಬಿಟ್ಟು ಬರೆದಿಲ್ಲ, ಆದರೆ ಒಂದೇ ಪುಟದಲ್ಲಿ ಅವನ ಹೆಸರು ಒಂಬತ್ತು ಸಲ ಬಂದಿದೆ. ಹೆತ್ತವಳಿಗೆ ಅಷ್ಟು ಸಾಕು.

ಕೊನೆಗೆ ಹೀಗೆ ಬರೆದಿದ್ದೀಯ: ಅವ್ವನ ಅರಿಷಿಣ-ಕುಂಕುಮದ ಭೂಮಿಯನ್ನು ನೀರು ಬಿಟ್ಟು ಕೊಂದವರ ಮನೆಯ ಹೊಸ್ತಿಲು ನಾನು ತುಳಿಯುವುದಿಲ್ಲ, ಶಿವರಾತ್ರಿಯೊಳಗೆ ಮಾವನಿಗೆ ಒಲ್ಲೆ ಎಂದು ಬರೆದುಬಿಡುತ್ತೇನೆ, ನೀನು ಚಿಂತೆ ಮಾಡಬೇಡ.

ಓದಿದಾಗ ಮೊದಲು ನನಗೆ ಸಂತೋಷವೇ ಆಯಿತು. ಅದನ್ನು ಮುಚ್ಚಿಡಲಾರೆ. ಮಗಳು ನನ್ನ ಪಕ್ಷ ಎಂದು ಹೊಟ್ಟೆ ತಣ್ಣಗಾಯಿತು. ಆ ದಿನ ಒಂದು ರೊಟ್ಟಿ ಹೆಚ್ಚಿಗೆ ತಿಂದೆ. ಮೂರನೆಯ ದಿನದಿಂದ ನನ್ನ ರೊಟ್ಟಿ ಎಮ್ಮೆಗೆ ಹೋಗುತ್ತಿದೆ. ಒಲ್ಲೆ ಎನ್ನುವ ಮೊದಲು ನೀನು ಒಂದು ವಿಷಯ ತಿಳಿಯಬೇಕು. ಅದನ್ನು ಹೇಳಬೇಕಾದವಳು ನಾನು, ಹೇಳಿದರೆ ನಿನ್ನನ್ನು ಕಳೆದುಕೊಳ್ಳುವವಳೂ ನಾನೇ. ಹೇಳದಿದ್ದರೆ ಕಳೆದುಕೊಳ್ಳುವವಳು ನೀನು.

ದೀಪಾವಳಿ ರಜೆಯಲ್ಲಿ ನೀನು ಚೂಡಿದಾರ ಮೊಣಕಾಲಿನತನಕ ಮಡಿಚಿ ನೀರಿಗಿಳಿದಿದ್ದೆ. ಕೈಯಲ್ಲಿ ಆಳ ನೋಡುವ ಕೋಲು. ಬಿಳಿ ನೈದಿಲೆ ಬೇರೆಲ್ಲೂ ಇಲ್ಲದೆ ಪಡುವಣ ಬದಿಯಲ್ಲಿ ಮಾತ್ರ, ಮೇಲಿನ ಬದುವಿನಿಂದ ಕೆಳಗಿನ ಬದುವಿನವರೆಗೆ ಹಗ್ಗ ಹಿಡಿದು ಹಚ್ಚಿದ ಹಾಗೆ ಒಂದೇ ಸಾಲಿನಲ್ಲಿ ಅರಳಿತ್ತು. ಬೇರೆ ಕಡೆ ಮೊಣಕಾಲುಮಟ್ಟ ನೀರು, ಅಲ್ಲಿ ಸೊಂಟಮಟ್ಟ. ನೀನು ಅಲ್ಲಿಂದಲೇ ಕೂಗಿ ಕೇಳಿದೆ: "ಅವ್ವಾ, ಇಲ್ಲಿ ಮೊದಲ ಕಾಲಿವಿ ಇತ್ತೇನ? ನೈದಿಲಿಗೆ ಆಳ ನೀರ ಬೇಕ. ಅದು ತಾನಾಗೇ ಇಷ್ಟ ನೆಟ್ಟಗ ಸಾಲ ಹಿಡದ ಬರೂದಿಲ್ಲ."

ನಾನು ಕುಳ್ಳು ತಟ್ಟುತ್ತಿದ್ದೆ. ತಲೆಯೆತ್ತದೆ, ಅಲ್ಲಿ ಗಾಡಿದಾರಿ ಇತ್ತು, ಚಕ್ಕಡಿ ತಿರುಗಿ ತಿರುಗಿ ತಗ್ಗು ಬಿದ್ದಿತ್ತು ಅಂದೆ. ನೀನು ಪುಸ್ತಕದಲ್ಲಿ ಹಾಗೇ ಬರೆದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಹೆಗಲು ಮುಟ್ಟಿಕೊಳ್ಳುವಷ್ಟು ದಡ್ಡಿಯಲ್ಲ, ಒಂಬತ್ತು ವರ್ಷದ ಅಭ್ಯಾಸವಿದೆ.

ಅಲ್ಲಿ ಗಾಡಿದಾರಿ ಇರಲಿಲ್ಲ ತಾರಾ. ಬಸಿಗಾಲುವೆ ಇತ್ತು.

ಅದನ್ನು ತೋಡಿದ್ದು ನಿನ್ನ ಅಜ್ಜ, ನನ್ನ ಅಪ್ಪ ವಿರುಪಾಕ್ಷಪ್ಪ, ನಾನು ಹುಟ್ಟುವ ಮೊದಲು. ಅದರ ತುದಿ ಮೇಲೆ, ಈಗ ಧರೆಪ್ಪನದಾದ ಹೊಲದಲ್ಲಿ. ಕೆಳಗೆ ಬಂದಂತೆ ಅಗಲವಾಗಿ, ನನ್ನ ಹೊಲದ ಪೂರ್ತಿ ಉದ್ದಕ್ಕೆ ಆಳೆತ್ತರದ ಕಾಲುವೆ. ಬೆಳೆ ಕುಡಿದು ಬಿಟ್ಟ ನೀರು ನೆಲದೊಳಗಿಂದ ಬಸಿದು ಅದಕ್ಕೆ ಇಳಿಯುತ್ತಿತ್ತು, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಕಪ್ಪು ಮಣ್ಣಿನ ಹೊಲಕ್ಕೆ ನೀರು ಬರುವ ದಾರಿಗಿಂತ ಹೋಗುವ ದಾರಿ ಮುಖ್ಯ ಎಂದು ಅಪ್ಪ ಹೇಳುತ್ತಿದ್ದ. ಅದನ್ನು ಹೂಳು ತುಂಬದಂತೆ ನೋಡಿಕೊಳ್ಳಲು ಒಂದು ಉಪಾಯವನ್ನೂ ಮಾಡಿದ್ದ. ಮಣ್ಣೆತ್ತಿನ ಅಮವಾಸ್ಯೆಗೆ ಎತ್ತು ಮಾಡುವ ಮಣ್ಣನ್ನು ಆ ಕಾಲುವೆಯ ತಳದಿಂದಲೇ ತರಬೇಕು, ಬೇರೆ ಮಣ್ಣಿನ ಎತ್ತು ಪೂಜೆಗೆ ನಡೆಯುವುದಿಲ್ಲ ಎಂದು ಇಡೀ ಓಣಿಯನ್ನೇ ನಂಬಿಸಿದ್ದ. ಹತ್ತು ಮನೆಯ ಹೆಂಗಸರು ಮಕ್ಕಳು ಬುಟ್ಟಿ ಹೊತ್ತು ಬರುತ್ತಿದ್ದರು. ನಾವು ಹುಡುಗಿಯರು ಮೊಣಕಾಲಿನತನಕ ಕೆಸರಿನಲ್ಲಿ ನಿಂತು ನುಣುಪು ಮಣ್ಣಿಗಾಗಿ ಜಗಳಾಡುತ್ತಿದ್ದೆವು. ಅಮವಾಸ್ಯೆಯ ಮರುದಿನ ನೋಡಿದರೆ ಕಾಲುವೆ ಬಳಿದಿಟ್ಟಂತೆ ಸ್ವಚ್ಛ. ಆಳಿಲ್ಲ, ಕೂಲಿಯಿಲ್ಲ. ಅಪ್ಪ ದೇವರಿಗಿಂತ ಕಾಲುವೆಯನ್ನೇ ಹೆಚ್ಚು ನಂಬಿದ್ದ ಎಂದು ನನಗೆ ತಿಳಿದದ್ದು ತಡವಾಗಿ.

ನಿನ್ನ ಅಪ್ಪ ತೀರಿಕೊಂಡು, ಮೂರು ವರ್ಷದ ನಿನ್ನನ್ನು ಕಟ್ಟಿಕೊಂಡು ನಾನು ತವರಿಗೆ ಬಂದಾಗ, ಅಪ್ಪ ಕೆಳಗಿನ ಮೂರು ಎಕರೆಯನ್ನು ಅರಿಷಿಣ-ಕುಂಕುಮಕ್ಕೆಂದು ನನ್ನ ಹೆಸರಿಗೆ ಮಾಡಿದ. ಹಣೆಯ ಕುಂಕುಮ ಅಳಿಸಿಕೊಂಡು ಬಂದವಳಿಗೆ ಆ ಹೆಸರಿನ ಭೂಮಿ! ಊರೆಲ್ಲ ಅಪ್ಪನನ್ನು ಹೊಗಳಿತು. ನಾನೂ ಕಾಲಿಗೆ ಬಿದ್ದೆ. ಆದರೆ ಒಳಗೆ ಒಂದು ಮುಳ್ಳು ಉಳಿದುಕೊಂಡಿತು. ಮಗನಿಗೆ ಮೇಲಿನ ಎಂಟು ಎಕರೆ, ಮಗಳಿಗೆ ಕೆಳಗಿನ ಮೂರು. ಆ ಮೂರರಲ್ಲೂ ನಾಲ್ಕು ಸಾಲು ಕಬ್ಬಿನಷ್ಟು ಅಗಲ ಕಾಲುವೆಗೇ ಹೋಗುತ್ತದೆ. ಹರಿಯುವ ನೀರು ಇಬ್ಬರದು, ಹಾಳಾಗುವ ಜಾಗ ಮಾತ್ರ ನನ್ನದು. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಪ್ಪ ನಕ್ಕು ಏನಾದರೂ ದಾರಿ ತೋರಿಸುತ್ತಿದ್ದನೇನೋ.

ಎಂಬತ್ತೊಂದರಲ್ಲಿ ಅಪ್ಪ ಹೋದ. ಅದೇ ವರ್ಷ ಧರೆಪ್ಪ ಇನ್ನೂ ನಾಲ್ಕು ಜನರ ಜೊತೆ ಸೇರಿ ಹೊಳೆಯಿಂದ ಪೈಪು ಹಾಕಿ ನೀರೆತ್ತಿದ. ಎಲ್ಲರೂ ಕಬ್ಬು ಹಚ್ಚಿದರು, ನಾನೂ ಹಚ್ಚಿದೆ. ಮರು ವರ್ಷ ಕಬ್ಬು ಕಡಿದು ಹೋದ ಮೇಲೆ, ಬೇಸಿಗೆಯಲ್ಲಿ, ನಾನು ಮತ್ತು ನಮ್ಮ ಆಳು ಭರಮು ಸೇರಿ ಹನ್ನೊಂದು ದಿನ ಆ ಕಾಲುವೆಗೆ ಕಬ್ಬಿನ ಒಣಗರಿಯ ರವದಿ ತುಂಬಿ ತುಂಬಿ ತುಳಿದೆವು. ಮೇಲೆ ಎರಡು ಮೊಳ ಮಣ್ಣು ಎಳೆದೆವು. ಹಿರಿಯರು ತೋಡಿದ್ದು, ಬೇಡ ಎಂದು ಭರಮು ಎರಡು ಸಲ ಹೇಳಿದ. ಹೊಲ ನಿನ್ನದೋ ನನ್ನದೋ ಎಂದು ಕೇಳಿದೆ. ನೀನು ಆಗ ಒಂದನೇ ಇಯತ್ತೆ, ಊರೊಳಗಿನ ಮನೆಯಲ್ಲಿ ಮಾವನ ಮಕ್ಕಳ ಜೊತೆ ಆಡಿಕೊಂಡಿದ್ದೆ. ನಾವಿಬ್ಬರೂ ಈ ತೋಟದ ಮನೆಗೆ ಬಂದದ್ದು ಆಮೇಲೆ. ಆ ವರ್ಷ ಮಣ್ಣೆತ್ತಿಗೆ ಬಾವಿಯ ಪಕ್ಕದ ಮಣ್ಣು ತಂದೆ. ಒಣಗಿದ ಮೇಲೆ ಎತ್ತಿನ ಬೆನ್ನು ಬಿರುಕು ಬಿಟ್ಟಿತು, ನೀನು ರಂಪ ಮಾಡಿದೆ. ಓಣಿಯವರು ಅಷ್ಟು ಹೊತ್ತಿಗೆ ಕುಂಬಾರ ಮಾರುವ ಎತ್ತುಗಳಿಗೆ ಹೊಂದಿಕೊಂಡಿದ್ದರು. ಸುತ್ತ ಕಬ್ಬು ನಿಂತಿದ್ದರಿಂದ ಕಾಲುವೆ ಇದೆಯೋ ಹೋಗಿದೆಯೋ ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ವರ್ಷ ಆ ನಾಲ್ಕು ಸಾಲಿನ ಕಬ್ಬು ತೋಳುದಪ್ಪ ಬಂತು. ಸಂಜೆ ಅದನ್ನು ನೋಡಲೆಂದೇ ಹೋಗಿ ನಿಲ್ಲುತ್ತಿದ್ದೆ.

ಮೇಲೆ ಧರೆಪ್ಪ ಊರಿನ ಎಲ್ಲರಂತೆ ಕರೆಂಟು ಬಂದಾಗ ಮೋಟರು ಹಚ್ಚಿ ಮನೆಗೆ ಹೋಗಿಬಿಡುತ್ತಿದ್ದ. ಕಬ್ಬಿಗೆ ಎಷ್ಟು ನೀರು ಕುಡಿಸಿದರೂ ಒಳ್ಳೆಯದೇ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಆ ನೀರು ಕೆಳಗೆ ಬಂತು, ಬಂದದ್ದಕ್ಕೆ ಹೋಗಲು ದಾರಿಯಿರಲಿಲ್ಲ. ಮೊದಲು ನೆಲದ ಮೇಲೆ ಹಿಟ್ಟು ಚೆಲ್ಲಿದಂತೆ ಉಪ್ಪು ಕಾಣಿಸಿತು. ಕಬ್ಬು ಹಳದಿಯಾಗಿ ಗೇಣುದ್ದಕ್ಕೇ ನಿಂತಿತು. ಆಮೇಲೆ ಹೆಜ್ಜೆ ಇಟ್ಟಲ್ಲೆಲ್ಲ ನೀರು ಜಿನುಗತೊಡಗಿತು. ಒಂದು ಮುಂಜಾನೆ ಎದ್ದು ನೋಡಿದರೆ ಹೊಲದ ನಡುವೆ ಒಂದು ಬೆಳ್ಳಕ್ಕಿ ಒಂಟಿಗಾಲಲ್ಲಿ ನಿಂತಿತ್ತು. ನಿನ್ನ ಪಟ್ಟಿಯಲ್ಲಿ ಅದಕ್ಕೆ ಹದಿನಾರನೆಯ ನಂಬರು. ಬಂದದ್ದು ಅದೇ ಮೊದಲು. ನಾನು ಕಲ್ಲು ಹೊಡೆದೆ, ಹಾರಿಹೋಗಿ ಮತ್ತೆ ಬಂದು ಕೂತಿತು. ಎಂಬತ್ತಾರರ ಮಳೆಗಾಲದಲ್ಲಿ ಆಪು ಎದೆಮಟ್ಟ ಬೆಳೆಯಿತು.

ಮರು ವರ್ಷ ನಾನು ಹಿರಿಯರನ್ನು ಕೂಡಿಸಿದೆ, ವೀರಭದ್ರನ ಗುಡಿಯ ಮುಂದೆ. ಅಣ್ಣನ ನೀರಿನಿಂದ ನನ್ನ ಹೊಲ ಜವಳಾಯಿತು, ನ್ಯಾಯ ಕೊಡಿ ಎಂದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ವಿರುಪಾಕ್ಷಪ್ಪ ತೋಡಿದ ಬಸಿಗಾಲುವೆಯನ್ನು ತೆರೆದಿಟ್ಟಿದ್ದೆಯೋ ಇಲ್ಲವೋ? ಕಾಲುವೆ ತೆರೆದಿದ್ದರೆ ತಪ್ಪು ಮೇಲಿನವನದು, ಮುಚ್ಚಿದ್ದರೆ ಕೆಳಗಿನವಳದು. ಆ ಆಪಿನ ಕಾಡಿನಲ್ಲಿ ಇಳಿದು ಹುಡುಕುವುದು ಯಾರಿಂದಲೂ ಆಗುತ್ತಿರಲಿಲ್ಲ. ನಾನು ಮಂಗಸೂಳಿ ಮಲ್ಲಯ್ಯನ ಭಂಡಾರದ ಅರಿಷಿಣಪುಡಿಯನ್ನು ಅಂಗೈಯಲ್ಲಿ ಹಿಡಿದು, ಕಾಲುವೆ ತೆರೆದೇ ಇತ್ತು, ಅವನ ನೀರಿಗೆ ಅದು ಸಾಲಲಿಲ್ಲ ಎಂದು ಆಣೆ ಮಾಡಿದೆ.

ಆಗ ಜನರ ಹಿಂದಿನಿಂದ ಭರಮು ಎದ್ದು ನಿಂತ. ಅಷ್ಟರಲ್ಲಿ ಅವನು ಧರೆಪ್ಪನ ಹತ್ತಿರ ಕೆಲಸಕ್ಕೆ ಸೇರಿ ಎಲ್ಲವನ್ನೂ ಹೇಳಿಯಾಗಿತ್ತು. ಸಾಕ್ಷಿಗೆಂದೇ ಧರೆಪ್ಪ ಅವನನ್ನು ಕರೆತಂದಿದ್ದ. ಸುಳ್ಳು ಭಂಡಾರ ಹಿಡಿದವಳ ಮನೆಯ ನೀರನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ, ಅವಳ ಮಗಳನ್ನು ಯಾರೂ ತಂದುಕೊಳ್ಳುವುದಿಲ್ಲ. ಧರೆಪ್ಪ ನನ್ನ ಹಳದಿ ಅಂಗೈಯನ್ನು ನೋಡಿದ. ಆಮೇಲೆ ಭರಮುವಿನ ತೋಳು ಹಿಡಿದು ಕೂರಿಸಿದ. ಹಿರಿಯರ ಕಡೆ ತಿರುಗಿ ಹೇಳಿದ: "ಆಕಿ ಭಂಡಾರ ಹಿಡದಾಳ. ಇನ್ನ ಯಾರೂ ಮಾತಾಡೂದ ಬ್ಯಾಡ್ರಿ. ತಪ್ಪ ನಂದ ಐತಿ."

ಅಂದಿನಿಂದ ಅವನು ತಂಗಿಯ ಅರಿಷಿಣ-ಕುಂಕುಮ ತಿಂದ ಧರೆಪ್ಪನಾದ. ಸಂತೆಯಲ್ಲೂ ಬಸ್ಸಿನಲ್ಲೂ ಅದೇ ಹೆಸರು. ಗುಡಿಯ ಮೆಟ್ಟಿಲು ಇಳಿಯುವಾಗ ನನ್ನ ಪಕ್ಕ ಬಂದು ಮೆಲ್ಲಗೆ, "ಬರೂ ವರ್ಷ ಮಣ್ಣೆತ್ತಿಗಿ ನಮ್ಮ ಮ್ಯಾಲಿನ ಕಾಲಿವ್ಯಾಗಿಂದ ಮಣ್ಣ ಒಯ್ಯವ್ವಾ. ಅಲ್ಲಿ ಇನ್ನೂ ಐತಿ" ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರುದಿನ ಹೆಂಡತಿಯೊಡನೆ ನಮ್ಮ ಮನೆಗೆ ಬಂದು ಮೇಲಿನ ಹೊಲದಲ್ಲಿ ಒಂದೂವರೆ ಎಕರೆ ಬಿಟ್ಟುಕೊಡುತ್ತೇನೆ ಎಂದಾಗ, ಅವನ ಹೆಂಡತಿಯ ಎದುರಿಗೇ, ಕಳ್ಳರ ಭೂಮಿ ನಾನು ಉಣ್ಣುವುದಿಲ್ಲ ಎಂದೆ. ಕಳ್ಳಿ ನಾನು, ಮಾತು ನನ್ನದೇ. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ನೀರು ಬಿಟ್ಟದ್ದಕ್ಕೆ ನಾನು ಅವನನ್ನು ದ್ವೇಷಿಸಿದ್ದರೆ ಎಂದೋ ಮುಗಿದುಹೋಗುತ್ತಿತ್ತು. ನನ್ನ ಮಾನ ಉಳಿಸಿದನಲ್ಲ, ಅದನ್ನು ಇಂದಿಗೂ ಸಹಿಸಲಾಗಿಲ್ಲ. ದಾರಿಯಲ್ಲಿ ಎದುರಾದರೆ ಅವನು ತಲೆ ತಗ್ಗಿಸುತ್ತಿದ್ದ, ನಾನು ಎತ್ತಿಕೊಂಡು ಹೋಗುತ್ತಿದ್ದೆ.

ಆಮೇಲೆ ನಮ್ಮನ್ನು ಸಾಕಿದ್ದು ಆ ಜವಳೇ. ಹೊನಗೊನ್ನೆ ಸೊಪ್ಪು ಕಿತ್ತು ಚಿಕ್ಕೋಡಿ ಸಂತೆಗೆ ಒಯ್ದೆ, ಆಪು ಕೊಯ್ದು ಚಾಪೆ ಹೆಣೆದೆ, ಬದುವಿನ ಹುಲ್ಲಿಗೆ ಎಮ್ಮೆ ಕಟ್ಟಿದೆ. ನಿನ್ನ ಕಾಲೇಜು ನಡೆದದ್ದು ಇದರಿಂದಲೇ. ಹಾಗೆಂದು ಅದರ ಮೇಲೆ ನನಗೆ ಪ್ರೀತಿ ಹುಟ್ಟಲಿಲ್ಲ. ರಾತ್ರಿಯೆಲ್ಲ ಕಪ್ಪೆಗಳು ಒದರುವಾಗ ನನ್ನ ಹೆಸರು ಹಿಡಿದು ಕರೆಯುತ್ತಿವೆ ಅನ್ನಿಸುತ್ತಿತ್ತು.

ನಾನು ಮಾಡಿದ್ದರಲ್ಲಿ ಕಾಲುವೆ ಮುಚ್ಚಿದ್ದು ದೊಡ್ಡದಲ್ಲ. ಊಟಕ್ಕೆ ಕೂತಾಗಲೆಲ್ಲ ನಿನ್ನ ತಟ್ಟೆಗೆ ರೊಟ್ಟಿಯ ಜೊತೆ ಮಾವನ ಕಥೆಯನ್ನೂ ಬಡಿಸಿದೆನಲ್ಲ, ಅದು ದೊಡ್ಡದು. ನೀನು ಏಳನೇ ಇಯತ್ತೆಯಲ್ಲಿದ್ದಾಗ ಅವನು ಶಾಲೆಯ ಮುಂದೆ ಪೇರಲಹಣ್ಣು ಹಿಡಿದುಕೊಂಡು ನಿಂತಿದ್ದನಂತೆ. ನೀನು ಅವನ ಕಾಲ ಬಳಿ ಉಗುಳಿ ಬಂದೆ. ಮನೆಗೆ ಬಂದು ಹೆಮ್ಮೆಯಿಂದ ಹೇಳಿದೆ. ನಾನು ನಿನ್ನ ತಲೆ ಸವರಿದೆ. ಆ ದಿನ ಹೇಳಬಹುದಿತ್ತು.

ಆದ್ದರಿಂದ ತಾರಾ, ಒಲ್ಲೆ ಎಂದು ಬರೆಯಬೇಡ. ಹುಡುಗ ಒಳ್ಳೆಯವನು, ಆ ಮನೆ ಒಳ್ಳೆಯದು. ಅಲ್ಲಿ ಯಾರೂ ನಿನ್ನ ಭೂಮಿ ತಿಂದಿಲ್ಲ. ನನ್ನ ಮಾತಿನ ಮೇಲೆ ನಿನ್ನ ಬಾಳನ್ನು ಕಟ್ಟಬೇಡ, ನನ್ನ ಮಾತಿನ ಮೇಲೆ ಕಟ್ಟಿದ್ದು ಏನಾಗುತ್ತದೆ ಎಂದು ಹೊಲ ನೋಡಿದರೆ ತಿಳಿಯುತ್ತದೆ. ಇದನ್ನು ಓದಿದ ಮೇಲೆ ನೀನು ಮಾವನ ಕಾಲಿಗೆ ಬೀಳುತ್ತೀಯ ಎಂದು ನನಗೆ ಗೊತ್ತು. ನನ್ನ ಮುಖ ನೋಡುತ್ತೀಯೋ ಇಲ್ಲವೋ ಗೊತ್ತಿಲ್ಲ. ಹದಿನೇಳು ವರ್ಷ ನಿನ್ನೊಬ್ಬಳನ್ನೇ ನಂಬಿ ಬದುಕಿದವಳು, ಆದರೂ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಸರ್‌ಗೆ ಕೊಟ್ಟ ಪಟ್ಟಿಯಲ್ಲಿ ಗಾಡಿದಾರಿ ಎಂದು ಬರೆದದ್ದನ್ನು ತಿದ್ದು. ನಾವು ತುಂಬಿದ ರವದಿ ನೆಲದೊಳಗೆ ಕೊಳೆತು ಕುಸಿಯಿತು, ಅದಕ್ಕೇ ಅಲ್ಲಿ ಆಳ, ಅದಕ್ಕೇ ನೈದಿಲೆ. ನೀನು ಕೇಳಿದ್ದು ಸರಿಯಾಗಿತ್ತು.

ಥಂಡಿ ಬಹಳ ಇದೆ, ಸ್ವೆಟರ್ ಹಾಕಿಕೊಂಡೇ ಹೊರಗೆ ಹೋಗು.

ಇಂತಿ ನಿನ್ನ ಅವ್ವ,
ಶಿವಗಂಗವ್ವ

ತಾ.ಕ. ೨೭ ಮಾರ್ಚ್. ಮೇಲಿನದ್ದನ್ನು ಬರೆದ ದಿನವೇ ಟಿಕೀಟು ಹಚ್ಚಿ, ವಿಳಾಸ ಬರೆದು, ಜೋಳದ ಡಬ್ಬಿಯ ಕೆಳಗೆ ಇಟ್ಟೆ. ಅಂಚೆಯ ವಿಠೋಬಾ ವಾರಕ್ಕೆ ಮೂರು ಸಲ ನಮ್ಮ ಬದುವಿನ ಮೇಲೇ ಹಾದುಹೋಗುತ್ತಾನೆ. ಕೊಡಲಿಲ್ಲ. ಹುಷಾರಿಲ್ಲ, ಆಮೇಲೆ ಬರೆಯುತ್ತೇನೆ ಎಂದು ನಡುವೆ ನಿನಗೊಂದು ಕಾರ್ಡು ಹಾಕಿದೆ. ಶಿವರಾತ್ರಿಗೆ, ಹೇಳಿದಂತೆಯೇ, ನೀನು ಮಾವನಿಗೆ ಒಲ್ಲೆ ಎಂದು ಬರೆದೆ. ನಿನ್ನೆ ಧರೆಪ್ಪ ಒಂಬತ್ತು ವರ್ಷದ ಮೇಲೆ ನನ್ನ ಅಂಗಳಕ್ಕೆ ಬಂದು ಅಕ್ಷತೆ ಕೊಟ್ಟ. ಅಣ್ಣಾಸಾಬನಿಗೆ ಮಂಗಸೂಳಿಯ ಹೆಣ್ಣು ಗೊತ್ತಾಗಿದೆ, ಮೇ ತಿಂಗಳಲ್ಲಿ ಮದುವೆ. ಹೋಗುವಾಗ ಅಂದ: "ಹುಡುಗಿ ಒಲ್ಲೆ ಅಂದಳು. ನಾ ಆಕಿಗಿ ಕಾಲಿವಿ ವಿಷಯ ಏನೂ ಬರೀಲಿಲ್ಲ ತಂಗಿ. ಅದು ನಿನ್ನ ಬಾಯಿಂದ ಬರಬೇಕಾಗಿತ್ತು." ಇಂದು ವಿಠೋಬಾ ಬರುವ ದಿನ, ಇದನ್ನು ಅವನ ಕೈಗೆ ಕೊಡುತ್ತೇನೆ. ಬೇಸಿಗೆ ರಜೆಗೆ ನೀನು ಬರದಿದ್ದರೆ ಏಕೆ ಬರಲಿಲ್ಲ ಎಂದು ಕೇಳಿ ಬರೆಯುವುದಿಲ್ಲ.